ಗಡಿಯಾರದ ಸದ್ದು ಕೇಳಿಸಿದಾತ

ಕಳೆದ ವರ್ಷ ದಸರಾ ರಜೆಗೆ ಊರಿಗೆ ಹೋದಾಗ ಅಪ್ಪ ನನಗೊಂದು ಕೆಲಸ ಹಚ್ಚಿದರು. ತಿಪಟೂರಿನಲ್ಲಿ ನಮ್ಮದೊಂದು ಚಿಕ್ಕ ಎಣ್ಣೆ ಗಾಣವಿದೆ. ಮರದ ಗಾಣಕ್ಕೆ ಮೋಟಾರು ಜೋಡಿಸಿ ಕೊಬ್ಬರಿ, ಕಡಲೆಕಾಯಿ, ಹುಚ್ಚೆಳ್ಳು ಆಡಿಸಿಕೊಡುತ್ತೇವೆ. ಪ್ಯಾಕೆಟ್ ಎಣ್ಣೆ ಎಲ್ಲ ಅಂಗಡಿಯಲ್ಲೂ ಸಿಗುವಾಗ ಗಾಣದವರೆಗೆ ಬರುವವರು ಕಡಿಮೆ. ಹೇಗೂ ಮಗ ಬಿ.ಇ. ಓದುತ್ತಿದ್ದಾನೆ, ಒಂದು ಚೆನ್ನಾದ ಕರಪತ್ರ ಬರೆದುಕೊಡಲಿ ಎಂಬುದು ಅಪ್ಪನ ಆಸೆ. ನಾನು ಅರ್ಧ ಗಂಟೆಯಲ್ಲಿ ಬರೆದು ಮುಗಿಸಿದೆ. ಶುದ್ಧ, ಪರಿಶುದ್ಧ, ನೈಸರ್ಗಿಕ, ಪೂರ್ವಜರ ಆರೋಗ್ಯದ ಗುಟ್ಟು, ಜಿಲ್ಲೆಗೇ ನಂಬರ್ ಒನ್... ನನಗೆ ಗೊತ್ತಿದ್ದ ದೊಡ್ಡ ಪದಗಳನ್ನೆಲ್ಲ ಅದರಲ್ಲಿ ಸುರಿದಿದ್ದೆ. ಅಪ್ಪ ಒಂದು ಸಾವಿರ ಪ್ರತಿ ಅಚ್ಚು ಹಾಕಿಸಿ, ಪೇಪರ್ ಹಾಕುವ ಹುಡುಗರ ಕೈಯಲ್ಲಿ ಮನೆಮನೆಗೆ ಹಂಚಿಸಿದರು.

ಒಬ್ಬರೂ ಆ ಕರಪತ್ರ ನೋಡಿ ಬಂದೆವೆಂದು ಹೇಳಲಿಲ್ಲ. ನಾಲ್ಕನೇ ದಿನ ಬೇಕರಿಯಲ್ಲಿ ನನಗೆ ಬೋಂಡ ಕಟ್ಟಿಕೊಟ್ಟ ಕಾಗದ ಮಾತ್ರ ಅದೇ ಆಗಿತ್ತು. ಅಪ್ಪ ಬೈಯಲಿಲ್ಲ. ಉಳಿದ ಕಟ್ಟನ್ನು ಹಿಂಡಿ ಮೂಟೆಯ ಹಿಂದೆ ತಳ್ಳಿ ಸುಮ್ಮನಾದರು. ಬೈದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ರಜೆ ಮುಗಿಸಿ ಕಾಲೇಜಿಗೆ ಬಂದ ಮೇಲೆ ಲೈಬ್ರರಿಯಲ್ಲಿ ಮ್ಯಾನೇಜ್‌ಮೆಂಟ್ ಪುಸ್ತಕಗಳ ನಡುವೆ ಒಂದು ಹಳೆಯ ಪುಸ್ತಕ ಕೈಗೆ ಸಿಕ್ಕಿತು. ಡೇವಿಡ್ ಓಗಿಲ್ವಿ ಎಂಬಾತ ಜಾಹೀರಾತಿನ ಬಗ್ಗೆ 1983ರಲ್ಲಿ ಬರೆದದ್ದು. ಇಂಟರ್ನಲ್ಸ್ ಇದ್ದ ವಾರ ಓದಬೇಕಾದದ್ದನ್ನು ಬಿಟ್ಟು ಅದನ್ನು ಓದಿದೆ. ಆಮೇಲೆ ಆತನ ಬದುಕಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ನಾನು ಹುಟ್ಟುವ ಮೊದಲೇ ತೀರಿಕೊಂಡ ಈ ಮನುಷ್ಯ ನನ್ನ ಕರಪತ್ರದ ತಪ್ಪನ್ನು ಪಕ್ಕದಲ್ಲಿ ಕೂತು ತಿದ್ದಿದಂತಾಯಿತು. ಅದಕ್ಕೇ ಆತನ ಕಥೆಯನ್ನು ನಿಮಗೂ ಹೇಳುತ್ತಿದ್ದೇನೆ.

ಓಗಿಲ್ವಿ ಹುಟ್ಟಿದ್ದು 1911ರ ಜೂನ್ 23ರಂದು, ಇಂಗ್ಲೆಂಡಿನ ಸರ್ರೆ ಪ್ರಾಂತ್ಯದ ವೆಸ್ಟ್ ಹಾರ್ಸ್ಲಿ ಎಂಬಲ್ಲಿ. ಅಪ್ಪ ಸ್ಕಾಟ್ಲೆಂಡಿನವರು, ಗ್ರೀಕ್ ಮತ್ತು ಲ್ಯಾಟಿನ್ ಓದಿಕೊಂಡವರು. ಷೇರು ವ್ಯವಹಾರ ಮಾಡುತ್ತಿದ್ದರು. ಮೊದಲ ಮಹಾಯುದ್ಧ ಶುರುವಾದಾಗ ಆ ವ್ಯವಹಾರ ಕುಸಿದು ಮನೆಗೆ ಬಡತನ ಬಂತು. ಹುಡುಗನಿಗೆ ಅಸ್ತಮಾ ಬೇರೆ. ಆದರೂ ವಿದ್ಯಾರ್ಥಿವೇತನದಿಂದಲೇ ಎಡಿನ್‌ಬರೋದ ಫೆಟ್ಟಿಸ್ ಶಾಲೆಯಲ್ಲಿ ಓದಿದ. 1929ರಲ್ಲಿ ಮತ್ತೊಂದು ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿಗೆ ಇತಿಹಾಸ ಓದಲು ಸೇರಿದ.

ಅಲ್ಲಿಂದ ಕಥೆ ತಿರುಗುತ್ತದೆ. ಓದು ತಲೆಗೆ ಹತ್ತಲಿಲ್ಲ, ಪರೀಕ್ಷೆಗಳಲ್ಲಿ ಪಾಸಾಗಲಿಲ್ಲ. 1931ರಲ್ಲಿ ಡಿಗ್ರಿ ಇಲ್ಲದೆ ಆಕ್ಸ್‌ಫರ್ಡ್ ಬಿಟ್ಟು ಹೊರಬಂದ. ಡ್ರಾಪ್‌ಔಟ್ ಆಗಿ ಗೆದ್ದವರ ಕಥೆಗಳನ್ನು ನಾವು ಬಹಳ ಕೇಳಿದ್ದೇವೆ. ಕಾಲೇಜು ಬಿಟ್ಟದ್ದೇ ಗೆಲುವಿನ ಗುಟ್ಟು ಎನ್ನುವ ಹಾಗೆ ಅವುಗಳನ್ನು ಹೇಳುತ್ತಾರೆ. ಓಗಿಲ್ವಿ ಹಾಗೆ ಹೇಳಿಕೊಳ್ಳಲಿಲ್ಲ. ಮುಂದೆ ಎಷ್ಟು ಹೆಸರು ಮಾಡಿದರೂ ಆಕ್ಸ್‌ಫರ್ಡಿನದು ತನ್ನ ಬದುಕಿನ ನಿಜವಾದ ಸೋಲು ಎಂದೇ ಒಪ್ಪಿಕೊಂಡ. ಎರಡು ಸಬ್ಜೆಕ್ಟ್ ಬ್ಯಾಕ್ ಉಳಿಸಿಕೊಂಡಿರುವ ನನಗೆ ಈ ಪ್ರಾಮಾಣಿಕತೆ ತುಂಬ ಹಿಡಿಸಿತು.

ಕಾಲೇಜು ಬಿಟ್ಟವನು ನೇರ ಪ್ಯಾರಿಸ್‌ಗೆ ಹೋಗಿ ಹೋಟೆಲ್ ಮೆಜೆಸ್ಟಿಕ್‌ನ ಅಡುಗೆಮನೆ ಸೇರಿದ. ಮೊದಮೊದಲು ಗಿರಾಕಿಗಳು ಕರೆತರುತ್ತಿದ್ದ ನಾಯಿಗಳಿಗೆ ಊಟ ಬೇಯಿಸುವ ಕೆಲಸವನ್ನೂ ಮಾಡಿದ. ಅಲ್ಲಿನ ಮುಖ್ಯ ಬಾಣಸಿಗ ಪಿಟಾರ್ ಎಂದರೆ ಎಲ್ಲರಿಗೂ ನಡುಕ. ಹೊಗಳುವುದು ಅಪರೂಪ, ಕಳಪೆ ಕೆಲಸವನ್ನು ಒಂದು ದಿನವೂ ಸಹಿಸುವವನಲ್ಲ. ಬಿಸಿ ಒಲೆಗಳ ಮುಂದೆ ವಾರಕ್ಕೆ 6 ದಿನ ದುಡಿದ ಓಗಿಲ್ವಿಗೆ ಅಡುಗೆಗಿಂತ ಹೆಚ್ಚಾಗಿ ಅಂಟಿಕೊಂಡದ್ದು ಈ ಶಿಸ್ತು. ಬಾಗಿಲ ಆಚೆ ಹೋಗುವ ಪ್ರತಿಯೊಂದು ತಟ್ಟೆಗೂ ತಾನೇ ಜವಾಬ್ದಾರ ಎಂಬ ಪಿಟಾರ್‌ನ ರೀತಿಯನ್ನು ಮುಂದೆ ತನ್ನ ಕಚೇರಿಯಲ್ಲೂ ಪಾಲಿಸಿದ.

ಪ್ಯಾರಿಸ್‌ನಿಂದ ಬಂದವನು ಸ್ಕಾಟ್ಲೆಂಡಿನಲ್ಲಿ ಮನೆಮನೆಗೆ ಹೋಗಿ ಒಲೆ ಮಾರಲು ನಿಂತ. ಒಲೆಯ ಹೆಸರು ಆಗಾ. ಎರಕದ ಕಬ್ಬಿಣದ್ದು, ಹಗಲೂ ರಾತ್ರಿ ಶಾಖವನ್ನು ಹಿಡಿದಿಟ್ಟುಕೊಳ್ಳುವಂಥದ್ದು. ಎಂಜಿನಿಯರಿಂಗ್ ಓದುವವರು ಈ ಒಲೆಯ ಹಿಂದಿನ ಮನುಷ್ಯನ ಬಗ್ಗೆಯೂ ಒಂದು ಮಾತು ತಿಳಿದಿರಬೇಕು. ಅದನ್ನು ರೂಪಿಸಿದ್ದು ಸ್ವೀಡನ್ನಿನ ಗುಸ್ತಾಫ್ ಡಾಲೆನ್. ಸಮುದ್ರದ ದೀಪಸ್ತಂಭಗಳಿಗೆ ಸ್ವಯಂಚಾಲಿತ ನಿಯಂತ್ರಕ ಕಂಡುಹಿಡಿದದ್ದಕ್ಕೆ 1912ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದವರು. ಅದೇ ವರ್ಷ ಪ್ರಯೋಗದ ವೇಳೆ ಅಸಿಟಿಲಿನ್ ಸಿಡಿದು ಅವರ ದೃಷ್ಟಿ ಹೋಯಿತು. ಕಣ್ಣು ಕಾಣದ ಆ ಎಂಜಿನಿಯರ್ 1922ರಲ್ಲಿ ಈ ಒಲೆಯನ್ನು ರೂಪಿಸಿದರು.

ಓಗಿಲ್ವಿ ಅದನ್ನು ಚೆನ್ನಾಗಿ ಮಾರಿದ. ಎಷ್ಟು ಚೆನ್ನಾಗಿ ಎಂದರೆ, ಉಳಿದ ಮಾರಾಟಗಾರರಿಗಾಗಿ ಒಂದು ಕೈಪಿಡಿ ಬರೆದುಕೊಡು ಎಂದು ಕಂಪನಿಯೇ ಕೇಳಿತು. 1935ರಲ್ಲಿ ಆತ ಅದನ್ನು ಬರೆದಾಗ ವಯಸ್ಸು 24. ಒಲೆಯ ಪ್ರತಿ ಭಾಗ ಹೇಗೆ ಕೆಲಸ ಮಾಡುತ್ತದೆ, ಮನೆಯಾಕೆ ಏನು ಕೇಳಬಹುದು, ಅಡುಗೆಯವರು ಏನು ಕೇಳಬಹುದು, ಆಕ್ಷೇಪ ಬಂದರೆ ಯಾವ ಉತ್ತರ ಕೊಡಬೇಕು ಎಂಬುದೆಲ್ಲ ಅದರಲ್ಲಿತ್ತು. ಬಾಗಿಲು ತಟ್ಟುವ ಮೊದಲು ಆ ಮನೆಯ ಬಗ್ಗೆ ತಿಳಿದುಕೊಂಡು ಹೋಗಬೇಕು ಎಂಬ ಪಾಠವೂ ಇತ್ತು. ಹಲವು ವರ್ಷಗಳ ನಂತರ ಫಾರ್ಚೂನ್ ಪತ್ರಿಕೆ ಅದನ್ನು ಮಾರಾಟ ಕಲೆಯ ಅತ್ಯುತ್ತಮ ಕೈಪಿಡಿಗಳ ಸಾಲಿಗೆ ಸೇರಿಸಿತು. ಅಣ್ಣ ಫ್ರಾನ್ಸಿಸ್ ಲಂಡನ್ನಿನ ಮೇದರ್ ಅಂಡ್ ಕ್ರೌದರ್ ಎಂಬ ಜಾಹೀರಾತು ಕಂಪನಿಯಲ್ಲಿದ್ದ. ಆ ಕೈಪಿಡಿಯನ್ನು ಅಲ್ಲಿ ತೋರಿಸಿದ. ತಮ್ಮನಿಗೆ ಕೆಲಸ ಸಿಕ್ಕಿತು.

1938ರಲ್ಲಿ ಓಗಿಲ್ವಿ ಅಮೆರಿಕಕ್ಕೆ ಹೋದ. ಅಲ್ಲಿನ ಜಾಹೀರಾತು ಲೋಕ ಬ್ರಿಟನ್ನಿನದಕ್ಕಿಂತ ಮುಂದಿದೆ, ಕಲಿತು ಬರುತ್ತೇನೆ ಎಂಬುದು ನೆಪ. ಅಲ್ಲಿ ಜಾರ್ಜ್ ಗ್ಯಾಲಪ್ ಅವರ ಸಮೀಕ್ಷಾ ಸಂಸ್ಥೆ ಸೇರಿದ. ಇಂದು ಚುನಾವಣೆ ಬಂದಾಗಲೆಲ್ಲ ನಾವು ಕೇಳುವ ಜನಾಭಿಪ್ರಾಯ ಸಮೀಕ್ಷೆಯನ್ನು ಒಂದು ಶಿಸ್ತಾಗಿ ಬೆಳೆಸಿದವರಲ್ಲಿ ಗ್ಯಾಲಪ್ ಪ್ರಮುಖರು. ಹಾಲಿವುಡ್ ನಿರ್ಮಾಪಕರಿಗಾಗಿ ಪ್ರೇಕ್ಷಕರು ಯಾವ ನಟರನ್ನು ನೋಡಲು ಬರುತ್ತಾರೆ, ಯಾವ ಕಥೆಗೆ ದುಡ್ಡು ಕೊಡುತ್ತಾರೆ ಎಂದು ಕೇಳಿ ಲೆಕ್ಕ ಹಾಕುವುದು ಓಗಿಲ್ವಿಯ ಕೆಲಸ. ನನಗೇನು ಇಷ್ಟ ಎಂಬುದು ಬೇರೆ, ಜನರಿಗೇನು ಬೇಕು ಎಂಬುದು ಬೇರೆ, ಎರಡನೆಯದನ್ನು ಅವರನ್ನೇ ಕೇಳಿ ತಿಳಿಯಬೇಕು ಎಂಬುದನ್ನು ಇಲ್ಲಿ ಕಲಿತ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಗುಪ್ತಚರ ಸೇವೆಯಲ್ಲೂ ವಾಷಿಂಗ್ಟನ್ನಿನ ರಾಯಭಾರ ಕಚೇರಿಯಲ್ಲೂ ದುಡಿದ. ಯುದ್ಧ ಮುಗಿದ ಮೇಲೆ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯಲ್ಲಿ, ಯಂತ್ರಗಳಿಂದ ದೂರವಿದ್ದು ಸರಳವಾಗಿ ಬದುಕುವ ಆಮಿಶ್ ಜನರ ನಡುವೆ ಹೊಗೆಸೊಪ್ಪು ಬೆಳೆಯುವ ರೈತನಾದ. ಆ ಊರು ಇಷ್ಟವಾಯಿತು, ಆದರೆ ಬೇಸಾಯದಲ್ಲಿ ಹೊಟ್ಟೆ ತುಂಬುವುದಿಲ್ಲ ಎಂಬುದು ಬೇಗ ಗೊತ್ತಾಯಿತು.

ಈಗ ಆತನ ಬಯೋಡೇಟಾವನ್ನು ಒಮ್ಮೆ ನೋಡಿ. ಡಿಗ್ರಿ ಇಲ್ಲ. ಅಡುಗೆಯವ, ಒಲೆ ಮಾರುವವ, ಸಮೀಕ್ಷೆ ಮಾಡುವವ, ಗುಪ್ತಚರ, ರೈತ. ಜಾಹೀರಾತು ಕಂಪನಿಯಲ್ಲಿ ಇದ್ದದ್ದು ಕೆಲವೇ ವರ್ಷ, ಅದೂ ಲಂಡನ್ನಿನಲ್ಲಿ. ಅಮೆರಿಕದ ಓದುಗರಿಗಾಗಿ ಒಂದು ಜಾಹೀರಾತನ್ನೂ ಬರೆದವನಲ್ಲ. ನಮ್ಮ ಪ್ಲೇಸ್‌ಮೆಂಟ್ ಸೆಲ್ ಇಂಥವನನ್ನು ಮೊದಲ ಸುತ್ತಿನಲ್ಲೇ ಕೈಬಿಡುತ್ತಿತ್ತು. ಆತ 1948ರಲ್ಲಿ, 37ನೇ ವಯಸ್ಸಿನಲ್ಲಿ, ನ್ಯೂಯಾರ್ಕಿನಲ್ಲಿ ಸ್ವಂತ ಜಾಹೀರಾತು ಸಂಸ್ಥೆ ಆರಂಭಿಸಿದ. ಕೈಯಲ್ಲಿದ್ದದ್ದು 6,000 ಡಾಲರ್. ಲಂಡನ್ನಿನ ಮೇದರ್ ಅಂಡ್ ಕ್ರೌದರ್ ಮತ್ತು ಎಸ್.ಎಚ್. ಬೆನ್ಸನ್ ಕಂಪನಿಗಳು ಬೆನ್ನಿಗೆ ನಿಂತವು. ಶುರುವಿನಲ್ಲೇ ಆತ ತನಗೆ ಬೇಕಾದ ಗ್ರಾಹಕರ ಒಂದು ಪಟ್ಟಿ ಮಾಡಿದ್ದ: ಜನರಲ್ ಫುಡ್ಸ್, ಬ್ರಿಸ್ಟಲ್ ಮೈಯರ್ಸ್, ಕ್ಯಾಂಪ್‌ಬೆಲ್ ಸೂಪ್, ಲಿವರ್ ಬ್ರದರ್ಸ್, ಶೆಲ್. ಆಗ ಆತನ ಸಂಸ್ಥೆಯ ಹೆಸರೇ ಕೇಳಿರದಿದ್ದ ದೈತ್ಯ ಕಂಪನಿಗಳು ಅವು. ವರ್ಷಗಳು ಹಿಡಿದವು, ಆದರೆ 5 ಕಂಪನಿಗಳೂ ಆತನ ಬಳಿಗೆ ಬಂದವು.

ಹೆಸರು ತಂದುಕೊಟ್ಟದ್ದು ಮಾತ್ರ ಒಂದು ಚಿಕ್ಕ ಅಂಗಿ ಕಂಪನಿ. ಮೇನ್ ರಾಜ್ಯದ ಹ್ಯಾಥವೇ ಕಂಪನಿ ನೂರಕ್ಕೂ ಹೆಚ್ಚು ವರ್ಷಗಳಿಂದ ಅಂಗಿ ಹೊಲಿಯುತ್ತಿದ್ದರೂ ಯಾರಿಗೂ ಗೊತ್ತಿರಲಿಲ್ಲ. ಜಾಹೀರಾತಿಗೆ ಅವರ ಬಳಿ ಇದ್ದ ದುಡ್ಡೂ ಅತಿ ಕಡಿಮೆ. 1951ರಲ್ಲಿ ಫೋಟೊ ತೆಗೆಸಲು ಹೋಗುವ ದಾರಿಯಲ್ಲಿ ಓಗಿಲ್ವಿ ಔಷಧಿ ಅಂಗಡಿಯೊಂದಕ್ಕೆ ನುಗ್ಗಿ, ಕಣ್ಣಿಗೆ ಕಟ್ಟುವ ಕಪ್ಪು ಪಟ್ಟಿ ಕೊಂಡ. ಮಾಡೆಲ್ ಆಗಿದ್ದವರು ಜಾರ್ಜ್ ರಾಂಗೆಲ್ ಎಂಬ ರಷ್ಯನ್ ಮೂಲದ ಶ್ರೀಮಂತ. ಅವರ ಎರಡು ಕಣ್ಣೂ ಸರಿಯಾಗಿದ್ದವು. ಆದರೂ ಒಂದು ಕಣ್ಣಿಗೆ ಪಟ್ಟಿ ಕಟ್ಟಿ ಫೋಟೊ ತೆಗೆಸಿದ. ದಿ ನ್ಯೂಯಾರ್ಕರ್ ಪತ್ರಿಕೆಯಲ್ಲಿ ಅದು ಬಂದದ್ದೇ ತಡ, ಅಂಗಿಗೆ ಎಲ್ಲಿಲ್ಲದ ಬೇಡಿಕೆ. ಯಾರಿವನು, ಕಣ್ಣಿಗೇನಾಯಿತು ಎಂದು ಓದುಗರು ಪುಟ ತಿರುಗಿಸದೆ ನಿಂತರು. ಮುಂದಿನ ಜಾಹೀರಾತುಗಳಲ್ಲಿ ಅದೇ ಮನುಷ್ಯ ವಾದ್ಯವೃಂದ ನಡೆಸಿದ, ಟ್ರ್ಯಾಕ್ಟರ್ ಓಡಿಸಿದ, ಕತ್ತಿವರಸೆ ಆಡಿದ. ಜನ ಧಾರಾವಾಹಿಗೆ ಕಾದಂತೆ ಮುಂದಿನದಕ್ಕೆ ಕಾದರು. ಕಣ್ಣಿನ ಪಟ್ಟಿ ಕಟ್ಟಿಕೊಂಡು ಪಾರ್ಟಿಗೆ ಹೋಗುವುದು, ಅದನ್ನು ಅಣಕಿಸುವುದು ಆ ಕಾಲದ ಒಂದು ಮೋಜೇ ಆಯಿತು. ಒಂದು ವಸ್ತುವಿಗೆ ಮನುಷ್ಯನಿಗಿರುವಂಥ ವ್ಯಕ್ತಿತ್ವವಿರುತ್ತದೆ, ಪ್ರತಿ ಜಾಹೀರಾತೂ ಅದನ್ನು ಕಟ್ಟುತ್ತಾ ಹೋಗಬೇಕು ಎಂಬ ಆತನ ವಿಚಾರ ಇಲ್ಲಿ ಎಲ್ಲರ ಕಣ್ಣಿಗೆ ಬಿತ್ತು. ಇವತ್ತು ನಾವು ಬ್ರ್ಯಾಂಡ್ ಇಮೇಜ್ ಎಂದು ಪರೀಕ್ಷೆಯಲ್ಲಿ ಬರೆಯುವುದು ಇದನ್ನೇ.

ನಿಜ ಹೇಳಬೇಕೆಂದರೆ ಈ ಜಾಗದಲ್ಲಿ ನನಗೆ ಓಗಿಲ್ವಿಯ ಜೊತೆ ಒಂದು ಜಗಳವಿದೆ. ಕಣ್ಣಿನ ಪಟ್ಟಿಗೂ ಅಂಗಿಗೂ ಏನು ಸಂಬಂಧ? ಅಂಗಿಯ ನೂಲು, ಹೊಲಿಗೆಯ ಬಗ್ಗೆ ಕೆಳಗೆ ವಿವರವಾಗಿ ಬರೆದಿದ್ದ, ನಿಜ. ಆದರೆ ಜನ ನಿಂತದ್ದು ಪಟ್ಟಿಗೆ. ಇಂದು ಮೊಬೈಲಿನಲ್ಲಿ ನಮ್ಮ ಬೆರಳನ್ನು ತಡೆದು ನಿಲ್ಲಿಸುವ ನೂರಾರು ತಂತ್ರಗಳಿಗೆ ಅದೊಂದು ಹಳೆಯ ಅಜ್ಜನ ಹಾಗೆ ಕಾಣುತ್ತದೆ. ಬೇಡದ ವಸ್ತುವನ್ನೂ ಬೇಕು ಅನ್ನಿಸುವ ಶಕ್ತಿ ಅದರಲ್ಲಿದೆ. ಆ ಶಕ್ತಿಯನ್ನು ಆತ ಯಾವುದಕ್ಕೆ ಬಳಸಿದ ಎಂದು ನೋಡುತ್ತಾ ಹೋದಾಗ ನನ್ನ ಜಗಳ ಪೂರ್ತಿ ಅಲ್ಲದಿದ್ದರೂ ಅರ್ಧ ತಣ್ಣಗಾಯಿತು.

ಅದಕ್ಕೆ ಕಾರಣ 1958ರ ರೋಲ್ಸ್ ರಾಯ್ಸ್ ಜಾಹೀರಾತು. ಆ ಕಾರಿನ ಬಗ್ಗೆ ಬರೆಯುವ ಮೊದಲು ಓಗಿಲ್ವಿ 3 ವಾರ ಬರೀ ಓದಿದ. ತಾಂತ್ರಿಕ ವರದಿ, ಪರೀಕ್ಷಾ ವರದಿ, ಎಂಜಿನಿಯರುಗಳ ಟಿಪ್ಪಣಿ, ಸಿಕ್ಕಿದ್ದನ್ನೆಲ್ಲ. ದಿ ಮೋಟರ್ ಎಂಬ ಬ್ರಿಟಿಷ್ ಪತ್ರಿಕೆಯ ತಾಂತ್ರಿಕ ಸಂಪಾದಕರ ವರದಿಯಲ್ಲಿ ಒಂದು ಸಂಗತಿ ಸಿಕ್ಕಿತು. ಗಂಟೆಗೆ 60 ಮೈಲಿ ವೇಗದಲ್ಲಿ ಹೋಗುವಾಗಲೂ ಈ ಕಾರಿನೊಳಗೆ ಎಲ್ಲಕ್ಕಿಂತ ಜೋರಾಗಿ ಕೇಳುವುದು ಗಡಿಯಾರದ ಸದ್ದು. ಆತ ಬರೆದ 26 ತಲೆಬರಹಗಳಲ್ಲಿ ಸಹೋದ್ಯೋಗಿಗಳು ಕೂತು ಆರಿಸಿದ್ದು ಇದನ್ನು ಹೇಳುವ ಸಾಲನ್ನು. ಮೌನವಾದ ಕಾರು, ರಾಜಗಾಂಭೀರ್ಯದ ಕಾರು ಎಂದೆಲ್ಲ ಆತ ಬರೆಯಬಹುದಿತ್ತು. ಗಡಿಯಾರದ ಸದ್ದು ಓದುಗನ ಕಿವಿಗೇ ಕೇಳಿಸಿತು.

ಉಳಿದ ಬರಹವನ್ನು ಓದಿದಾಗ ನನಗೆ ನಮ್ಮ ಲ್ಯಾಬ್ ರೆಕಾರ್ಡ್ ನೆನಪಾಯಿತು. ಸಂಖ್ಯೆ ಹಾಕಿ ಒಂದಾದ ಮೇಲೊಂದು ಸಂಗತಿ. ಪ್ರತಿ ಎಂಜಿನ್ ಅನ್ನು ಕಾರಿಗೆ ಕೂರಿಸುವ ಮೊದಲು 7 ಗಂಟೆ ಪೂರ್ತಿ ವೇಗದಲ್ಲಿ ಓಡಿಸಿ ನೋಡುತ್ತಾರೆ. ಕೊನೆಯ ಪರೀಕ್ಷಾ ಶಾಲೆಯಲ್ಲಿ ಪ್ರತಿ ಕಾರು ಒಂದು ವಾರ ಇದ್ದು 98 ಪರೀಕ್ಷೆ ದಾಟುತ್ತದೆ. ಆಕ್ಸಲ್‌ನಿಂದ ಸಣ್ಣ ಸದ್ದು ಬರುತ್ತಿದೆಯೇ ಎಂದು ಎಂಜಿನಿಯರುಗಳು ಸ್ಟೆತಸ್ಕೋಪ್ ಇಟ್ಟು ಆಲಿಸುತ್ತಾರೆ. 5 ಪದರ ಪ್ರೈಮರ್ ಬಳಿದು, ಪ್ರತಿ ಪದರದ ನಡುವೆ ಕೈಯಿಂದ ಉಜ್ಜಿ, ಆಮೇಲೆ 9 ಪದರ ಬಣ್ಣ ಹಾಕುತ್ತಾರೆ. ಹೊಗಳಿಕೆಯ ವಿಶೇಷಣ ಹುಡುಕಿದರೆ ಸಿಗುವುದು ಕಷ್ಟ. ಯಾರೋ ಹೆಸರಿಲ್ಲದ ಎಂಜಿನಿಯರುಗಳು ವರ್ಷಾನುಗಟ್ಟಲೆ ಮಾಡಿದ ಕೆಲಸವನ್ನು ಓಗಿಲ್ವಿ ಓದಿ ಅರ್ಥ ಮಾಡಿಕೊಂಡು ಜನರ ಮುಂದಿಟ್ಟಿದ್ದ. ಈ ಜಾಹೀರಾತು ನೋಡಿದ ಕಂಪನಿಯ ಎಂಜಿನಿಯರೊಬ್ಬರು ಖುಷಿಪಡುವ ಬದಲು, ಹಾಗಾದರೆ ಆ ಗಡಿಯಾರವನ್ನು ಸರಿಮಾಡಬೇಕಲ್ಲ ಎಂದು ತಲೆ ಅಲ್ಲಾಡಿಸಿದರಂತೆ. ಎಂಜಿನಿಯರ್ ಅಂದರೆ ಹೀಗಿರಬೇಕು ಎಂದು ನಾನು ಹಾಸ್ಟೆಲಿನಲ್ಲಿ ಒಬ್ಬನೇ ನಕ್ಕೆ. ಇನ್ನೊಂದು ಸಂಗತಿ ಓಗಿಲ್ವಿಯೇ ಬರೆದುಕೊಂಡದ್ದು. ಮುಂದೆ ದೋಷವಿದ್ದ ಕಾರುಗಳು ಅಮೆರಿಕಕ್ಕೆ ಬಂದಾಗ, ಅಷ್ಟು ಹೆಸರು ತಂದ ಆ ಗ್ರಾಹಕರನ್ನು ಆತನೇ ಬಿಟ್ಟುಬಿಟ್ಟ. ವಸ್ತು ಚೆನ್ನಾಗಿಲ್ಲದಿದ್ದರೆ ಒಳ್ಳೆಯ ಜಾಹೀರಾತು ಅದರ ಕೆಟ್ಟತನವನ್ನೇ ಬೇಗ ಹರಡುತ್ತದೆ ಎಂಬುದು ಆತನಿಗೆ ಗೊತ್ತಿತ್ತು.

ಆತನ ಬೇರೆ ಕೆಲಸಗಳಲ್ಲೂ ಇದೇ ದಾರಿ. ಡವ್ ಸೋಪನ್ನು ಕೊಳೆ ಕೈ ತೊಳೆಯುವ ಗಂಡಸರಿಗೆ ಮಾರಬಹುದಿತ್ತು, ಒಣ ಚರ್ಮದ ಹೆಂಗಸರಿಗೂ ಮಾರಬಹುದಿತ್ತು. ಆತ ಎರಡನೆಯದನ್ನು ಆರಿಸಿ, ಅದರಲ್ಲಿ ಕಾಲು ಭಾಗ ಕ್ರೀಮ್ ಇದೆ ಎಂಬ ಒಂದೇ ಸಂಗತಿಯನ್ನು ಹಿಡಿದ. ಆ ಸೋಪು ಇಂದಿಗೂ ನಮ್ಮ ಅಂಗಡಿಗಳಲ್ಲಿದೆ. ಬಡ ದ್ವೀಪವಾಗಿದ್ದ ಪೋರ್ಟೊ ರಿಕೊಗೆ ಕೈಗಾರಿಕೆ ತರಲು ಬರೆದ ಜಾಹೀರಾತು ಚಿತ್ರಕ್ಕಿಂತ ಅಕ್ಷರವೇ ಹೆಚ್ಚಿದ್ದ ಉದ್ದದ ಬರಹ. ಅದರಲ್ಲಿದ್ದ ಕೂಪನ್ ಕತ್ತರಿಸಿ 14,000 ಓದುಗರು ವಿವರ ಕೇಳಿದರು, ಅವರಲ್ಲಿ ಹಲವರು ಮುಂದೆ ಅಲ್ಲಿ ಕಾರ್ಖಾನೆ ತೆರೆದರು. ತನ್ನ ಕೆಲಸಗಳಲ್ಲಿ ಆತನಿಗೆ ತುಂಬ ಹೆಮ್ಮೆ ತಂದದ್ದು ಇದು. ಅಂಗಿ, ಕಾರುಗಳಿಗಿಂತ ಒಂದು ನಾಡಿನ ಜನರಿಗೆ ಕೆಲಸ ಕೊಡಿಸಿದ್ದು ದೊಡ್ಡದೆಂದು ಆತನಿಗೆ ಅನ್ನಿಸಿತ್ತು.

ಇಷ್ಟೆಲ್ಲ ಬರೆದವನಿಗೆ ಬರಹ ನೀರು ಕುಡಿದಂತೆ ಬರುತ್ತಿತ್ತು ಎಂದುಕೊಳ್ಳಬೇಡಿ. ಕಚೇರಿಯ ಗದ್ದಲದಲ್ಲಿ ಆತನಿಗೆ ಒಂದು ಸಾಲೂ ಹೊಳೆಯುತ್ತಿರಲಿಲ್ಲ, ಮನೆಗೆ ಹೋಗಿ ಬರೆಯುತ್ತಿದ್ದ. ಹಳೆಯ ಜಾಹೀರಾತುಗಳನ್ನೆಲ್ಲ ಓದಿ, ವಸ್ತುವಿನ ಬಗ್ಗೆ ಸಂಗತಿಗಳನ್ನು ಪಟ್ಟಿ ಮಾಡಿ, ಮೊದಲ ಕರಡು ಬರೆದು, ಅದನ್ನು ನೋಡಿ ತಾನೇ ಬೇಸರಪಟ್ಟು, ಮರುದಿನ ಮತ್ತೆ ಮತ್ತೆ ತಿದ್ದುತ್ತಿದ್ದ. ತಾನು ಒಳ್ಳೆಯ ಬರಹಗಾರನಲ್ಲ, ತನ್ನ ಬರಹವನ್ನು ಚೆನ್ನಾಗಿ ತಿದ್ದಬಲ್ಲವ ಅಷ್ಟೆ ಎಂಬುದು ಆತನ ನಂಬಿಕೆ. ಕೊಳ್ಳುವವರನ್ನು ದಡ್ಡರೆಂದು ತಿಳಿಯುವ ಜಾಹೀರಾತುಗಾರರನ್ನು ಕಂಡರೆ ಆತನಿಗೆ ಆಗುತ್ತಿರಲಿಲ್ಲ. ನಮ್ಮ ಮನೆಯವರಿಗೆ ಹೇಳಲಾಗದ ಸುಳ್ಳನ್ನು ಬೇರೆ ಮನೆಯವರಿಗೂ ಹೇಳಬಾರದು ಎಂಬುದು ಆತನ ಅಳತೆಗೋಲು.

1963ರಲ್ಲಿ ತನ್ನ ಅನುಭವಗಳನ್ನು ಬರೆದು ಪುಸ್ತಕ ಪ್ರಕಟಿಸಿದ. 4,000 ಪ್ರತಿ ಹೋದರೆ ಹೆಚ್ಚು ಎಂದುಕೊಂಡು ಅದರ ಹಕ್ಕನ್ನು ಮಗನ 21ನೇ ಹುಟ್ಟುಹಬ್ಬಕ್ಕೆ ಕೊಟ್ಟುಬಿಟ್ಟಿದ್ದ. ಅದು ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಜನರ ಮನಸ್ಸು ಅಳೆಯುವುದರಲ್ಲಿ ಪಳಗಿದವನಿಗೂ ತನ್ನ ಪುಸ್ತಕದ ಲೆಕ್ಕ ತಪ್ಪಿತ್ತು. 1973ರಲ್ಲಿ ಕಂಪನಿಯ ಅಧ್ಯಕ್ಷ ಸ್ಥಾನ ಬಿಟ್ಟು ಫ್ರಾನ್ಸಿನ ಟೂಫು ಎಂಬ ಹಳೆಯ ಕೋಟೆಮನೆಯಲ್ಲಿ ನೆಲೆಸಿದ. ಅಲ್ಲಿಂದ ಲೋಕದ ಮೂಲೆಮೂಲೆಯ ಶಾಖೆಗಳಿಗೆ ಎಷ್ಟು ಪತ್ರ ಬರೆಯುತ್ತಿದ್ದನೆಂದರೆ, ಪಕ್ಕದ ಬೋನ್ ಎಂಬ ಪುಟ್ಟ ಊರಿನ ಅಂಚೆ ಕಚೇರಿಗೆ ಮೇಲ್ದರ್ಜೆ ಸಿಕ್ಕಿ ಪೋಸ್ಟ್‌ಮಾಸ್ಟರ್ ಸಂಬಳವೂ ಏರಿತು.

ನಿವೃತ್ತಿಯಿಂದ ಎದ್ದು ಬಂದು 1980ರ ದಶಕದಲ್ಲಿ ತನ್ನ ಸಂಸ್ಥೆಯ ಭಾರತದ ಶಾಖೆಗೆ ಅಧ್ಯಕ್ಷನೂ ಆಗಿದ್ದ. ಆ ಸಂಸ್ಥೆಯ ಭಾರತೀಯರು ಮಾಡಿದ ಕೆಲಸ ನಮ್ಮೆಲ್ಲರ ಮನೆಯೊಳಗೆ ಬಂದಿದೆ. 1988ರ ಆಗಸ್ಟ್ 15ರಂದು ದೂರದರ್ಶನದಲ್ಲಿ ಮೊದಲು ಬಂದ ಮಿಲೇ ಸುರ್ ಮೇರಾ ತುಮ್ಹಾರಾ ಗೀತೆಯ ಹಿಂದೆ ಇದ್ದವರು ಅಲ್ಲಿನ ಸುರೇಶ್ ಮಲ್ಲಿಕ್. ಅದರ ಹಿಂದಿ ಸಾಲು ಬರೆದವರು ಪಿಯೂಷ್ ಪಾಂಡೆ. ಕನ್ನಡವೂ ಸೇರಿ ಹಲವು ಭಾಷೆಗಳಿದ್ದ ಅದರಲ್ಲಿ ನಮ್ಮ ಪ್ರಕಾಶ್ ಪಡುಕೋಣೆಯವರನ್ನು ಕಂಡದ್ದನ್ನು ಅಮ್ಮ ಈಗಲೂ ಹೇಳುತ್ತಾರೆ. ಫೆವಿಕಾಲ್‌ನ ನಗೆಯ ಜಾಹೀರಾತುಗಳು, ಮಕ್ಕಳಿಗೆ ಪೋಲಿಯೊ ಹನಿ ಹಾಕಿಸಿ ಎಂದು ಅಮಿತಾಭ್ ಬಚ್ಚನ್ ಗದರಿದ್ದು ಎಲ್ಲ ಅದೇ ಮನೆಯಿಂದ ಬಂದವು. ತಮಾಷೆ ಎಂದರೆ, ಮಾರುವ ಮಾತನ್ನು ಹಾಡಬೇಡಿ, ನಗಿಸಲು ಹೋಗಬೇಡಿ ಎಂದು ಓಗಿಲ್ವಿ ಮೊದಲು ನಿಯಮ ಹಾಕಿದ್ದ. ನಮ್ಮವರು ಹಾಡಿದರು, ನಗಿಸಿದರು, ಗೆದ್ದರು. ಜನರನ್ನು ಅರಿತು ಬರೆಯಬೇಕು ಎಂಬ ಮೂಲ ಪಾಠವನ್ನು ಮಾತ್ರ ಬಿಡಲಿಲ್ಲ. ಭಾರತದ ಜನ ಹಾಡಿಗೆ ಕಿವಿ ಕೊಡುತ್ತಾರೆ ಎಂಬುದನ್ನು ಅವರು ಅರಿತಿದ್ದರು.

ಕೊನೆಗಾಲದಲ್ಲಿ ಒಂದು ನೋವೂ ಆತನಿಗೆ ಎದುರಾಯಿತು. 1989ರಲ್ಲಿ ಡಬ್ಲ್ಯುಪಿಪಿ ಎಂಬ ಕಂಪನಿ 86.4 ಕೋಟಿ ಡಾಲರ್ ಕೊಟ್ಟು ಆತನ ಸಂಸ್ಥೆಯನ್ನು, ಆತನಿಗೆ ಇಷ್ಟವಿಲ್ಲದಿದ್ದರೂ, ಕೊಂಡುಕೊಂಡಿತು. ಮೊದಲು ಕೂಗಾಡಿದ ಆತ ಆಮೇಲೆ ಅದೇ ಡಬ್ಲ್ಯುಪಿಪಿಗೆ 3 ವರ್ಷ ಅಧ್ಯಕ್ಷನಾಗಿದ್ದ. 1999ರ ಜುಲೈ 21ರಂದು, 88ನೇ ವಯಸ್ಸಿನಲ್ಲಿ, ಟೂಫುವಿನಲ್ಲಿ ತೀರಿಕೊಂಡ.

ಇಷ್ಟು ಓದಿದ ಮೇಲೆ ಸಂಕ್ರಾಂತಿಗೆ ಊರಿಗೆ ಹೋದಾಗ ನಾನು ಎರಡು ದಿನ ಗಾಣದಲ್ಲೇ ಕೂತೆ. ಹುಟ್ಟಿದಾಗಿನಿಂದ ನೋಡಿದ ಗಾಣದ ಬಗ್ಗೆ ನನಗೆ ಏನೂ ಗೊತ್ತಿಲ್ಲ ಎಂಬುದು ಆಗ ಗೊತ್ತಾಯಿತು. ಅಪ್ಪ ಎಂಥ ಕೊಬ್ಬರಿ ಆರಿಸುತ್ತಾರೆ, ಎಂಥದನ್ನು ವಾಪಸ್ ಕಳಿಸುತ್ತಾರೆ, ಒಂದು ಸಲಕ್ಕೆ ಎಷ್ಟು ಕೆ.ಜಿ. ಹಾಕುತ್ತಾರೆ, ಎಷ್ಟು ಹೊತ್ತು ಆಡಿಸುತ್ತಾರೆ, ತಿಳಿಯಾಗಲು ಎಣ್ಣೆಯನ್ನು ಎಷ್ಟು ದಿನ ಬಿಡುತ್ತಾರೆ ಎಂದು ಒಂದೊಂದೇ ಕೇಳಿ ಬರೆದುಕೊಂಡೆ. ಮೊದಲು ನಗುತ್ತಿದ್ದ ಅಪ್ಪ ಆಮೇಲೆ ಉತ್ಸಾಹದಿಂದ ಹೇಳತೊಡಗಿದರು. ಅವರ ಕೆಲಸದ ಬಗ್ಗೆ ನಾನು ಅಷ್ಟು ಪ್ರಶ್ನೆ ಕೇಳಿದ್ದು ಅದೇ ಮೊದಲು.

ಹೊಸ ಕರಪತ್ರದಲ್ಲಿ ಶುದ್ಧ, ಪರಿಶುದ್ಧ ಯಾವುದೂ ಇರಲಿಲ್ಲ. ನಿಮ್ಮ ಕೊಬ್ಬರಿ ನೀವೇ ತನ್ನಿ, 12 ಕೆ.ಜಿ.ಗೆ ಸುಮಾರು ಒಂದು ಗಂಟೆ, ಎದುರಿಗೆ ಬೆಂಚಿದೆ, ಕೂತು ನೋಡಿ. ಹಿಂಡಿಯೂ ನಿಮ್ಮದೇ. ಎಣ್ಣೆ 3 ದಿನ ತಿಳಿಯಾಗಲು ಬಿಡಿ. ಪ್ಯಾಕೆಟ್ ಎಣ್ಣೆಗಿಂತ ಇದು ದುಬಾರಿ ಬೀಳುತ್ತದೆ, ಚಳಿಗಾಲದಲ್ಲಿ ಗಟ್ಟಿಯಾಗುತ್ತದೆ. ಇಷ್ಟೇ ಬರೆದೆ. ದುಬಾರಿ ಎಂದು ನಾವೇ ಹೇಳಿಕೊಳ್ಳುವುದಕ್ಕೆ ಅಪ್ಪ ಹಿಂದೇಟು ಹಾಕಿದರು, ಆಮೇಲೆ ನಿಜ ತಾನೇ ಎಂದು ಒಪ್ಪಿದರು. ಕರಪತ್ರ ತಂದವರಿಗೆ ಆಡಿಸುವ ಕೂಲಿಯಲ್ಲಿ ಹತ್ತು ರೂಪಾಯಿ ಬಿಟ್ಟೆವು. ಓಗಿಲ್ವಿಯ ಕೂಪನ್ ನಮ್ಮ ಊರಿನಲ್ಲಿ ಹೀಗೆ ಬಂತು. ಹಂಚಿದ್ದು 300 ಪ್ರತಿ. ಒಂದು ತಿಂಗಳಲ್ಲಿ 19 ಜನ ಅದನ್ನು ಕೈಯಲ್ಲಿ ಹಿಡಿದು ಬಂದರು. ಅಪ್ಪ ಗೋಡೆಯ ಕ್ಯಾಲೆಂಡರಿನ ಮೇಲೆ ಪೆನ್ಸಿಲಿನಿಂದ ಒಂದೊಂದು ಗೆರೆ ಹಾಕಿ ಲೆಕ್ಕ ಇಟ್ಟಿದ್ದರು. 19 ದೊಡ್ಡ ಸಂಖ್ಯೆಯಲ್ಲ. ಆದರೆ ಸೊನ್ನೆಯಿಂದ ಎಣಿಸಿದವನಿಗೆ ಅದರ ಬೆಲೆ ಗೊತ್ತು.

ಈಗ ಪ್ಲೇಸ್‌ಮೆಂಟಿಗೆ ರೆಸ್ಯೂಮೆ ತಯಾರಿಸುವ ಹೊತ್ತು. ನಮ್ಮ ಕ್ಲಾಸಿನ ಅರವತ್ತು ಜನರ ರೆಸ್ಯೂಮೆ ನೋಡಿದೆ. ಎಲ್ಲರೂ ಹಾರ್ಡ್‌ವರ್ಕಿಂಗ್, ಎಲ್ಲರೂ ಟೀಮ್ ಪ್ಲೇಯರ್, ಎಲ್ಲರೂ ಕ್ವಿಕ್ ಲರ್ನರ್. ನನ್ನದೂ ಹಾಗೇ ಇತ್ತು. ಅದು ನನ್ನ ಮೊದಲ ಕರಪತ್ರವೇ, ಬೇರೆ ಹೆಸರಿನಲ್ಲಿ. ಅವನ್ನೆಲ್ಲ ಅಳಿಸಿ, ಮಿನಿ ಪ್ರಾಜೆಕ್ಟಿಗಾಗಿ ಗಾಣದ ಮೋಟಾರಿನ ಬೇರಿಂಗ್ ಎಷ್ಟು ಬಿಸಿಯಾಗುತ್ತದೆ ಎಂದು 11 ದಿನ, ಗಂಟೆಗೊಮ್ಮೆ ಅಳೆದು ಬರೆದಿಟ್ಟದ್ದನ್ನು ಸೇರಿಸಿದೆ. ಎರಡು ಬ್ಯಾಕ್ ಇನ್ನೂ ಇವೆ, ಅದನ್ನೂ ಮುಚ್ಚಿಟ್ಟಿಲ್ಲ. ಕೆಲಸ ಸಿಗುತ್ತದೋ ಇಲ್ಲವೋ ಮುಂದಿನ ವರ್ಷ ಗೊತ್ತಾಗುತ್ತದೆ.

ಗೆಳೆಯರೇ, ನಿಮ್ಮ ರೆಸ್ಯೂಮೆಯನ್ನು ಇವತ್ತು ರಾತ್ರಿ ಒಮ್ಮೆ ತೆಗೆದು ಓದಿ. ಬೇರೆ ಯಾರ ಹೆಸರು ಹಾಕಿದರೂ ಹೊಂದುವಂಥ ಸಾಲುಗಳನ್ನು ಹೊಡೆದುಹಾಕಿ. ಉಳಿದದ್ದು ಎರಡೇ ಸಾಲಾದರೂ ಅಲ್ಲಿಂದಲೇ ಶುರುಮಾಡಿ.